ಅರ್ಧ ಬುರುಡೆ ನೋಡಿ ‘ನಮ್ಮ ಕಡೆಯವನಲ್ಲ’ ಎನ್ನಬಹುದೇ?

ಪ್ರಶ್ನೆ: ನಮ್ಮದು ಜಗಳೂರು ತಾಲ್ಲೂಕು. ಕೃಷಿ ಹೊಂಡ ತೆಗೆಸುವಾಗ ಜೆಸಿಬಿ ಬಕೆಟ್‌ನಲ್ಲಿ ಮನುಷ್ಯನ ತಲೆಬುರುಡೆ ಬಂತು. ಮೇಲಿನ ಚಿಪ್ಪು ಮತ್ತು ಹಿಂಭಾಗ ಇದೆ. ಮುಖದಲ್ಲಿ ಎಡಗೆನ್ನೆಯ ಮೂಳೆ ಬಿಟ್ಟರೆ ಏನೂ ಉಳಿದಿಲ್ಲ, ಕೆಳದವಡೆಯೂ ಇಲ್ಲ. ಪೊಲೀಸರು ಮಹಜರು ಮಾಡಿ ಒಯ್ದರು. ಆವತ್ತಿನಿಂದ ಊರಲ್ಲಿ ಒಂದೇ ಮಾತು: ‘ಕೆನ್ನೆ ಎದ್ದು ಕಾಣ್ತದೆ, ನಮ್ಮ ಕಡೆಯವನಲ್ಲ, ಗಾಳಿಯಂತ್ರದ ಕೆಲಸಕ್ಕೆ ಬಂದಿದ್ದ ಉತ್ತರದ ಹುಡುಗರಲ್ಲಿ ಯಾರೋ.’ ನಿವೃತ್ತ ಮೇಷ್ಟ್ರೊಬ್ಬರು, ಬುರುಡೆ ಅಳೆದರೆ ಜನಾಂಗ ಅಷ್ಟೇ ಅಲ್ಲ, ಜಾತಿಯೂ ತಿಳಿಯುತ್ತದೆ ಎನ್ನುತ್ತಾರೆ. ಇದು ನಿಜವೇ? ಇನ್ನೊಂದು ವಿಷಯ: ಹೊಂಡದ ಮಣ್ಣಿನಲ್ಲಿ ಆಮೇಲೆ ಎರಡು ಹಲ್ಲಿರುವ ದವಡೆಯ ಚೂರು ಸಿಕ್ಕಿತು. ಕೊಟ್ಟಿಗೆಯ ಗೂಡಿನಲ್ಲಿ ಇಟ್ಟಿದ್ದೇವೆ.

ಉತ್ತರ: ಮೊದಲು ಮೇಷ್ಟ್ರ ಮಾತು ಮುಗಿಸಿಬಿಡುತ್ತೇನೆ. ಬುರುಡೆಯಿಂದ ಜಾತಿ ತಿಳಿಯುವುದಿಲ್ಲ. ಪೂರ್ತಿ ಇರಲಿ, ಅರ್ಧ ಇರಲಿ, ತಿಳಿಯುವುದಿಲ್ಲ. ಅವರು ಹೇಳಿದ್ದು ಅವರ ಸ್ವಂತ ಕಲ್ಪನೆಯಲ್ಲ, ಒಂದು ಕಾಲಕ್ಕೆ ಸರ್ಕಾರವೇ ಹಾಗೆ ನಂಬಿತ್ತು. 1901ರ ಜನಗಣತಿಯ ಮುಖ್ಯಸ್ಥ ಹರ್ಬರ್ಟ್ ರಿಸ್ಲೆ ಮೂಗಿನ ಅಗಲವನ್ನು ಎತ್ತರದಿಂದ ಭಾಗಿಸಿ, ಆ ಅಂಕಿ ಕಡಿಮೆಯಾದಷ್ಟೂ ಜಾತಿ ಮೇಲಿನದು ಎಂದು ವಾದಿಸಿದ. ಮೂಗು ಉಸಿರಾಡುವ ಅಂಗ, ಒಣ ಹವೆ, ಚಳಿ, ಸೆಕೆಗಳಿಗೆ ತಕ್ಕಂತೆ ತಲೆಮಾರುಗಳಲ್ಲಿ ಅದರ ಆಕಾರ ಬದಲಾಗುತ್ತದೆ ಎಂಬುದನ್ನು ಆಮೇಲಿನವರು ತೋರಿಸಿದರು. ಆದರೂ ರಿಸ್ಲೆಯ ನೆರಳು ನಮ್ಮ ಕಟ್ಟೆಪುರಾಣಗಳಲ್ಲಿ ಇನ್ನೂ ಇದೆ.

ಈಗ ‘ನಮ್ಮ ಕಡೆಯವನಲ್ಲ’ ಎಂಬ ಮಾತಿಗೆ ಬರೋಣ. ಇದಕ್ಕೆ ಸ್ವಲ್ಪ ವಿವರ ಬೇಕು.

ಮೂಳೆ ಪರೀಕ್ಷೆ ಮಾಡುವ ನಮ್ಮ ಬಳಿಗೆ ಪೊಲೀಸರು ಮೂಳೆ ತಂದಾಗ ಜೊತೆಗೊಂದು ಪತ್ರ ಇರುತ್ತದೆ. ಅದರಲ್ಲಿ ಪ್ರಶ್ನೆಗಳು ಹೆಚ್ಚುಕಡಿಮೆ ಯಾವಾಗಲೂ ಅವೇ: ಇವು ಮನುಷ್ಯನವೇ? ಒಬ್ಬನವೋ, ಹೆಚ್ಚು ಜನರವೋ? ಗಂಡೋ ಹೆಣ್ಣೋ? ವಯಸ್ಸೆಷ್ಟು? ಸತ್ತು ಎಷ್ಟು ಕಾಲವಾಯಿತು? ಗಾಯದ ಗುರುತಿದೆಯೇ, ಇದ್ದರೆ ಸಾಯುವ ಮೊದಲಿನದೋ ಆಮೇಲಿನದೋ? ಜನಾಂಗದ ಪ್ರಶ್ನೆ ನಮ್ಮಲ್ಲಿ ಅಪರೂಪ. ಅಮೆರಿಕದಲ್ಲಿ ಅದು ಮೊದಲ ಸಾಲಿನಲ್ಲೇ ಬರುತ್ತದೆ, ಯಾಕೆಂದರೆ ಅಲ್ಲಿ ಕಾಣೆಯಾದವರ ಪಟ್ಟಿಯಲ್ಲೇ ‘ರೇಸ್’ ಎಂಬ ಕಾಲಂ ಇದೆ. ಕಾಲಂ ತುಂಬಬೇಕು, ಹಾಗಾಗಿ ಬುರುಡೆಯನ್ನು ಕೇಳುತ್ತಾರೆ. ನಮ್ಮ ಪೊಲೀಸ್ ಪ್ರಕಟಣೆ ನೆನಪಿಸಿಕೊಳ್ಳಿ: ‘5.6 ಅಡಿ ಎತ್ತರ, ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು, ಕನ್ನಡ ಮತ್ತು ತೆಲುಗು ಮಾತನಾಡುತ್ತಾರೆ.’ ಇಷ್ಟರಲ್ಲಿ ಮೂಳೆ ಹೇಳಬಲ್ಲದ್ದು ಎತ್ತರ, ಅದೂ ತೊಡೆಮೂಳೆ ಸಿಕ್ಕರೆ. ಮುಖದ ಮೂಳೆಗಳು ಸರಿಯಾಗಿ ಉಳಿದಿದ್ದರೆ ಕೋಲು ಮುಖವೋ ದುಂಡು ಮುಖವೋ ಎಂದು ಅಂದಾಜು ಮಾಡಬಹುದು. ಎಣ್ಣೆಗೆಂಪನ್ನೂ ತೆಲುಗನ್ನೂ ಮಣ್ಣು ತಿಂದಿರುತ್ತದೆ.

ನಿಮ್ಮ ಹೊಂಡದ ಬುರುಡೆಯಂಥದ್ದು ನಮ್ಮ ಮೇಜಿಗೆ ಬಂದರೆ ಏನಾಗುತ್ತದೆ ಎಂದು ಹೇಳುತ್ತೇನೆ. ಸಾಮಾನ್ಯವಾಗಿ ಸಿಮೆಂಟ್ ಚೀಲದಲ್ಲೋ ರಟ್ಟಿನ ಪೆಟ್ಟಿಗೆಯಲ್ಲೋ ಬರುತ್ತದೆ. ಕೊಡ ಹೊರುವವರು ತಲೆ ಮೇಲೆ ಇಟ್ಟುಕೊಳ್ಳುತ್ತಾರಲ್ಲ ಸಿಂಬೆ, ಬಟ್ಟೆ ಸುತ್ತಿ ಅಂಥದ್ದೇ ಒಂದು ಮಾಡಿ ಅದರ ಮೇಲೆ ಬುರುಡೆ ಕೂರಿಸುತ್ತೇವೆ, ಇಲ್ಲದಿದ್ದರೆ ಉರುಳುತ್ತದೆ. ಮೆತ್ತನೆ ಕುಂಚದಿಂದ ಮಣ್ಣು ತೆಗೆಯುತ್ತೇವೆ, ತೆಗೆದ ಮಣ್ಣನ್ನೂ ಎತ್ತಿಡುತ್ತೇವೆ. ಮಣ್ಣು ಹೋದಂತೆ ಮೇಲ್ಚಿಪ್ಪಿನ ಹೊಲಿಗೆಗಳು ಕಾಣುತ್ತವೆ, ಅಂಕುಡೊಂಕಾದ ಗೆರೆಗಳು. ಒಮ್ಮೆ ಜೊತೆಗೆ ಬಂದಿದ್ದ ಹಳೆಯ ಹೆಡ್ ಕಾನ್‌ಸ್ಟೇಬಲ್ ಅದನ್ನು ತೋರಿಸಿ ‘ನೋಡಿ ಸರ್, ಬ್ರಹ್ಮ ಬರೆದ ಹಣೆಬರಹ, ಓದೋಕೆ ಬರೋರಿಲ್ಲ’ ಅಂದಿದ್ದರು. ನಾವು ಅದನ್ನು ವಯಸ್ಸಿಗಾಗಿ ಓದುತ್ತೇವೆ, ಅದೂ ತಡವರಿಸಿಕೊಂಡು. ಹೊಲಿಗೆ ಮುಚ್ಚಿಕೊಳ್ಳುವ ವೇಗ ಒಬ್ಬೊಬ್ಬರಲ್ಲಿ ಒಂದೊಂದು.

ಆಮೇಲೆ ಅಳತೆ. ಹುಬ್ಬುಗಳ ನಡುವಿನಿಂದ ಹಿಂದಲೆಯ ತುದಿಯವರೆಗೆ ಉದ್ದ, ಕಿವಿಗಳ ಮೇಲೆ ಅತಿ ಹೆಚ್ಚಿನ ಅಗಲ, ಮೂಗಿನ ರಂಧ್ರದ ಎತ್ತರ ಮತ್ತು ಅಗಲ, ಕಣ್ಣುಗೂಡಿನ ಅಳತೆ, ಕೆನ್ನೆಯಿಂದ ಕೆನ್ನೆಗೆ ಅಗಲ, ಹೀಗೆ. ಜನಸಮುದಾಯಗಳ ನಡುವಿನ ವ್ಯತ್ಯಾಸವನ್ನು ಹೆಚ್ಚು ತೋರಿಸುವುದು ಮುಖದ ಅಳತೆಗಳು. ಮಣ್ಣಿನಲ್ಲಿ ಮೊದಲು ಮುರಿಯುವುದೂ ಮುಖವೇ. ಮೂಗಿನ ಮೂಳೆ, ಕಣ್ಣುಗೂಡಿನ ಒಳಗೋಡೆ ಇವೆಲ್ಲ ಹಪ್ಪಳದಷ್ಟು ತೆಳು. ಜೆಸಿಬಿ ಹಲ್ಲಿನ ಮಾತು ಹಾಗಿರಲಿ, ಮೇಲಿನ ಮಣ್ಣಿನ ಭಾರವೇ ಸಾಕು. ಹಾಗಾಗಿ ‘ಅರ್ಧ ಬುರುಡೆ’ ಎಂದಾಗ ಸಾಮಾನ್ಯವಾಗಿ ಸಿಗುವುದು, ಈ ಪ್ರಶ್ನೆಯ ಮಟ್ಟಿಗೆ, ಹೆಚ್ಚು ಉಪಯೋಗವಿಲ್ಲದ ಅರ್ಧ.

ಮೇಲ್ಚಿಪ್ಪು ಒಂದೇ ಇದ್ದರೆ ಉದ್ದ ಮತ್ತು ಅಗಲ ಸಿಗುತ್ತವೆ. ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದರೆ ತಲೆಯ ಸೂಚ್ಯಂಕ: 75ಕ್ಕಿಂತ ಕಡಿಮೆ ಇದ್ದರೆ ಉದ್ದಲೆ, 80ಕ್ಕಿಂತ ಹೆಚ್ಚಿದ್ದರೆ ದುಂಡಲೆ. ನೂರು ವರ್ಷದ ಹಿಂದೆ ಇದರ ಮೇಲೆ ದೊಡ್ಡ ದೊಡ್ಡ ಸಿದ್ಧಾಂತಗಳು ಎದ್ದವು. ನಮ್ಮ ಬಾಣಂತನದ ಮನೆಗಳಲ್ಲಿ ಅಜ್ಜಿಯರು ಹರಳೆಣ್ಣೆ ಹಚ್ಚಿ ಮಗುವಿನ ತಲೆ ‘ದುಂಡಗಾಗಲಿ’ ಎಂದು ದಿನಾ ಒತ್ತುವುದನ್ನು ಕಂಡವರಿಗೆ ಆ ಸಿದ್ಧಾಂತಗಳ ಮೇಲೆ ಅನುಮಾನ ಬರಬೇಕಿತ್ತು. ಮಗುವನ್ನು ಸದಾ ಅಂಗಾತ ಮಲಗಿಸಿದರೂ ಹಿಂದಲೆ ಚಪ್ಪಟೆಯಾಗುತ್ತದೆ. ಫ್ರಾನ್ಜ್ ಬೋವಾಸ್ ಎಂಬ ಮಾನವಶಾಸ್ತ್ರಜ್ಞ ಅಮೆರಿಕಕ್ಕೆ ವಲಸೆ ಬಂದವರನ್ನೂ ಅವರ ಮಕ್ಕಳನ್ನೂ ಸೇರಿಸಿ ಹದಿನೇಳು ಸಾವಿರಕ್ಕೂ ಹೆಚ್ಚು ಜನರನ್ನು ಅಳೆದು, ಅಲ್ಲೇ ಹುಟ್ಟಿದ ಮಕ್ಕಳ ತಲೆಯ ಆಕಾರ ಬೇರೆಯಾಗುತ್ತದೆ ಎಂದ. ಎಷ್ಟು ಬೇರೆ ಎಂಬ ಜಗಳ 2002–03ರಲ್ಲೂ ಮತ್ತೆ ಎದ್ದಿತು. ಆಕಾರದಲ್ಲಿ ವಂಶದ ಪಾಲೂ ಇದೆ, ಬೆಳೆದ ಪರಿಸರದ ಪಾಲೂ ಇದೆ ಎಂಬುದನ್ನು ಮಾತ್ರ ಈಗ ಯಾರೂ ತಳ್ಳಿಹಾಕುವುದಿಲ್ಲ.

ಅಳತೆ ಕೈಯಲ್ಲಿದೆ ಎಂದಿಟ್ಟುಕೊಳ್ಳಿ. ಯಾರಿಗೆ ಹೋಲಿಸುವುದು? ನಿಮ್ಮ ಪ್ರಶ್ನೆಯ ಗಂಟು ಇರುವುದು ಇಲ್ಲಿ.

ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ತಂತ್ರಾಂಶ ಫೋರ್‌ಡಿಸ್ಕ್, ಅಮೆರಿಕದ ಟೆನೆಸೀ ವಿಶ್ವವಿದ್ಯಾಲಯದ್ದು, 1993ರಿಂದ ಇದೆ. ಅಳತೆಗಳನ್ನು ಹಾಕಿದರೆ ತನ್ನ ಬಳಿ ಇರುವ ಗುಂಪುಗಳಲ್ಲಿ ಯಾವುದಕ್ಕೆ ಈ ಬುರುಡೆ ಹತ್ತಿರ ಎಂದು ಲೆಕ್ಕ ಹಾಕುತ್ತದೆ. ಗುಂಪುಗಳಲ್ಲಿ ಬಹುಪಾಲು ಅಮೆರಿಕದ ಜನ. ಜೊತೆಗೆ ವಿಲಿಯಂ ಹೋವೆಲ್ಸ್ ಎಂಬ ವಿದ್ವಾಂಸ ಜಗತ್ತು ಸುತ್ತಿ ಅಳೆದ ಸುಮಾರು 2,500 ಬುರುಡೆಗಳ ಸಂಗ್ರಹವನ್ನೂ ಬಳಸಬಹುದು. ಅದರಲ್ಲಿ ನಾರ್ವೆ ಇದೆ, ಜುಲು ಇದೆ, ಪೆರು ಇದೆ, ಈಸ್ಟರ್ ದ್ವೀಪ ಇದೆ. ಭಾರತದಿಂದ ಇರುವುದು ಅಂಡಮಾನ್ ದ್ವೀಪವಾಸಿಗಳು ಮಾತ್ರ. ಜಗಳೂರು, ಪಟ್ನಾ ಎರಡೂ ಇಲ್ಲ.

ಪಟ್ಟಿಯಲ್ಲಿ ಇಲ್ಲದವನನ್ನು ಯಂತ್ರಕ್ಕೆ ಕೊಟ್ಟರೆ ಏನಾಗುತ್ತದೆ? ದಾವಣಗೆರೆ ಎಪಿಎಂಸಿಯಲ್ಲಿ ಮೂರೇ ಫಲಕ ಹಾಕಿದ್ದಾರೆ ಎಂದುಕೊಳ್ಳಿ: ಮೆಕ್ಕೆಜೋಳ, ಭತ್ತ, ಶೇಂಗಾ. ಬಂದ ಪ್ರತಿ ಚೀಲವನ್ನೂ ಮೂರರಲ್ಲಿ ಒಂದರ ಕೆಳಗೆ ಇಳಿಸಲೇಬೇಕು ಎಂಬುದು ನಿಯಮ. ರಾಗಿ ಚೀಲ ತಂದವನ ಗತಿ ಏನು? ಭತ್ತದ ಸಾಲಿಗೆ ಹೋಗುತ್ತದೆ, ರಸೀದಿಯಲ್ಲಿ ‘ಭತ್ತ, ಶೇ. 92 ಸಂಭವ’ ಎಂದು ಬರುತ್ತದೆ. ಆ 92 ಸುಳ್ಳು ಲೆಕ್ಕವಲ್ಲ. ಮೂರರಲ್ಲಿ ಯಾವುದಕ್ಕೆ ಹತ್ತಿರ ಎಂದು ಕೇಳಿದಿರಿ, ಅದು ಹೇಳಿತು. ತಂತ್ರಾಂಶ ಇನ್ನೊಂದು ಅಂಕಿಯನ್ನೂ ಕೊಡುತ್ತದೆ: ಈ ಚೀಲ ನಿಜವಾಗಿ ಆ ಗುಂಪಿನ ಸಾಮಾನ್ಯ ಮಿತಿಯೊಳಗೆ ಬರುತ್ತದೆಯೇ ಎಂದು. ಹಳೆಯ ಹಮಾಲಿಯೊಬ್ಬ ಕೈ ಹಾಕಿ ನೋಡಿ ‘ಇದು ಮೂರರಲ್ಲೂ ಅಲ್ಲ ಕಣಣ್ಣ’ ಎಂದಂತೆ. ಅವಸರದಲ್ಲಿ ವರದಿ ಬರೆಯುವವರು ಮೊದಲ ಅಂಕಿ ನೋಡಿ ಪುಟ ಮಗುಚುತ್ತಾರೆ.

ಅಳತೆ ಕಡಿಮೆಯಾದಷ್ಟೂ ಕಷ್ಟ ಹೆಚ್ಚು. ಒಂದು ಪಕ್ಕ ಮುರಿದಿದ್ದರೆ ಇನ್ನೊಂದು ಪಕ್ಕದಿಂದ ಅಂದಾಜು ಮಾಡಬಹುದು, ಅದು ಸರಿ. ಕೆಲವರು ಕಾಣೆಯಾದ ಅಳತೆಯನ್ನು ಲೆಕ್ಕದಿಂದ ತುಂಬುತ್ತಾರೆ. ಯಾವ ಗುಂಪಿನ ಸರಾಸರಿಯಿಂದ ತುಂಬಿದರೋ ಬುರುಡೆ ಆ ಗುಂಪಿನ ಕಡೆಗೇ ವಾಲುತ್ತದೆ, ಆಮೇಲೆ ‘ನೋಡಿ, ಅದೇ ಗುಂಪು ಬಂತು’ ಎಂದು ಖುಷಿಪಡುತ್ತಾರೆ. 2009ರಲ್ಲಿ ಬಯಾಲಜಿ ಲೆಟರ್ಸ್ ಪತ್ರಿಕೆಯಲ್ಲಿ ಬಂದ ಪರೀಕ್ಷೆಯೊಂದು ಕಟುವಾಗಿಯೇ ಹೇಳಿತು: ಬುರುಡೆ ಹೆಚ್ಚುಕಡಿಮೆ ಪೂರ್ತಿ ಇರಬೇಕು, ಅದರ ಸಮುದಾಯ ಪಟ್ಟಿಯಲ್ಲೂ ಇರಬೇಕು, ಆಗ ಮಾತ್ರ ಫೋರ್‌ಡಿಸ್ಕ್‌ನಿಂದ ಸರಿ ಉತ್ತರ ನಿರೀಕ್ಷಿಸಬಹುದು, ಆಗಲೂ ಭರವಸೆಯಿಂದ ಹೇಳಬಹುದಾದದ್ದು ನೂರಕ್ಕೆ ಒಂದು. ಆ ನೂರಕ್ಕೆ ಒಂದು ತೀರಾ ಬಿಗಿ ಎನಿಸುತ್ತದೆ ನನಗೆ, ಅಮೆರಿಕದವರು ತಮ್ಮ ಜನರ ಮಟ್ಟಿಗೆ ಇದಕ್ಕಿಂತ ಚೆನ್ನಾಗಿಯೇ ಬಳಸುತ್ತಾರೆ. ಆದರೆ ಮೊದಲ ಎರಡು ಷರತ್ತುಗಳನ್ನು ನಿಮ್ಮ ಬುರುಡೆಗೆ ಹಿಡಿದು ನೋಡಿ. ಎರಡೂ ಬೀಳುತ್ತವೆ.

ಒಂದು ಮಾತು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಈ ಲೆಕ್ಕದ ಬೆನ್ನೆಲುಬು ‘ಮಹಾಲನೋಬಿಸ್ ದೂರ’, ಅಂದರೆ ಹಲವು ಅಳತೆಗಳನ್ನು ಒಟ್ಟಿಗೆ ಹಿಡಿದು ಯಾವುದು ಯಾವ ಗುಂಪಿಗೆ ಎಷ್ಟು ದೂರ ಎಂದು ಹೇಳುವ ಲೆಕ್ಕ. ಅದು ಕಲ್ಕತ್ತದಲ್ಲಿ ಸಂಖ್ಯಾಶಾಸ್ತ್ರಜ್ಞ ಪಿ. ಸಿ. ಮಹಾಲನೋಬಿಸ್ ಅವರು ಜನರ ದೇಹದ ಅಳತೆಗಳನ್ನು ಹೋಲಿಸಲು ಹೊರಟು ಕಂಡುಕೊಂಡದ್ದು. ಅವರ ಶಿಷ್ಯ ಸಿ. ಆರ್. ರಾವ್ 1920ರಲ್ಲಿ ಹುಟ್ಟಿದ್ದು ಹೂವಿನಹಡಗಲಿಯಲ್ಲಿ, ದಾವಣಗೆರೆಯಿಂದ ಹರಪನಹಳ್ಳಿ ದಾಟಿ ಹೋದರೆ ಸಿಗುವ ಊರು. 1940ರ ದಶಕದಲ್ಲಿ ಅವರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡದ್ದು ಸುಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತಂದಿದ್ದ ಅಸ್ಥಿಗಳ ಅಳತೆಯನ್ನು ವಿಶ್ಲೇಷಿಸಲು. ಎರಡಕ್ಕಿಂತ ಹೆಚ್ಚು ಗುಂಪುಗಳಿದ್ದಾಗ ಒಂದು ಬುರುಡೆಯನ್ನು ಎಲ್ಲಿಗೆ ಸೇರಿಸಬೇಕು ಎಂಬ ಗಣಿತಕ್ಕೆ 1948ರಲ್ಲಿ ರೂಪ ಕೊಟ್ಟವರು ಅವರೇ. ಗಣಿತ ಕೊಟ್ಟವರು ನಮ್ಮ ಮಗ್ಗುಲವರು, ಹೋಲಿಕೆಯ ಪಟ್ಟಿಯಲ್ಲಿ ಮಾತ್ರ ನಾವಿಲ್ಲ.

‘ಕೆನ್ನೆ ಎದ್ದು ಕಾಣ್ತದೆ’ ಎಂಬುದರ ಬಗ್ಗೆ. ಇದರಲ್ಲಿ ನಾನೂ ಒಮ್ಮೆ ಮುಗ್ಗರಿಸಿದ್ದೇನೆ. ಸುಮಾರು ಇಪ್ಪತ್ತು ವರ್ಷದ ಹಿಂದೆ, ಕೆಲಸಕ್ಕೆ ಹೊಸಬ. ಬಂದದ್ದು ಮುರುಕು ಬುರುಡೆ, ಒಂದು ಕೆನ್ನೆಮೂಳೆ ಚೂಪಾಗಿ ಮುಂದೆ ಬಂದಿತ್ತು. ಪಠ್ಯಪುಸ್ತಕದಲ್ಲಿ ಕಾಕಸಾಯ್ಡ್ (ಯುರೋಪಿನ ಕಡೆ), ಮಂಗೋಲಾಯ್ಡ್ (ಪೂರ್ವ ಏಷ್ಯಾದ ಕಡೆ), ನೀಗ್ರಾಯ್ಡ್ (ಆಫ್ರಿಕಾದ ಕಡೆ) ಎಂಬ ಹಳೆಯ ಜನಾಂಗ ವಿಂಗಡಣೆಯ ಮೂರು ಕಾಲಂನ ಕೋಷ್ಟಕ ಇರುತ್ತದಲ್ಲ, ಅದನ್ನು ನೋಡಿ ‘ಮಂಗೋಲಾಯ್ಡ್ ಲಕ್ಷಣಗಳಿವೆ’ ಎಂದು ಬರೆದುಬಿಟ್ಟೆ. ಪೊಲೀಸರು ಎರಡು ತಿಂಗಳು ನೇಪಾಳದ ಕಾವಲುಗಾರರನ್ನು, ಬೇಕರಿ ಹುಡುಗರನ್ನು ವಿಚಾರಿಸಿದರು. ಕೊನೆಗೆ ಅದೇ ಹಳ್ಳದ ಕೆಳಗಡೆ ಕಾಲಿನ ಮೂಳೆ ಸಿಕ್ಕಿತು, ಅದರಲ್ಲಿ ಸ್ಟೀಲ್ ಪ್ಲೇಟು. ಹನ್ನೆರಡು ಕಿಲೋಮೀಟರ್ ಆಚೆಯ ಹಳ್ಳಿಯ ಮನುಷ್ಯ, ಕಾಲು ಮುರಿದು ಆಪರೇಷನ್ ಆಗಿದ್ದವನು. ಅವನ ಅಣ್ಣ ಬಂದು ನನ್ನೆದುರು ಕೂತಾಗ ನಾನು ನೋಡಿದ್ದು ಅವನ ಕೆನ್ನೆಯನ್ನೇ. ಅಣ್ಣನದೂ ಹಾಗೇ ಇತ್ತು. ಆ ಮನೆತನಕ್ಕೇ ಹಾಗೆ. ವಿಚಾರಣೆಗೆ ನಿಂತ ಆ ಹುಡುಗರ ಬಳಿ ಯಾರೂ ಹೋಗಿ ತಪ್ಪಾಯಿತು ಎನ್ನಲಿಲ್ಲ, ನಾನೂ ಹೋಗಲಿಲ್ಲ.

ಆ ಮೂರು ಕಾಲಂನ ಕೋಷ್ಟಕದ ಹುಟ್ಟೂ ವಿಚಿತ್ರ. ಜರ್ಮನಿಯ ಬ್ಲೂಮೆನ್‌ಬಾಖ್ ಎಂಬ ವೈದ್ಯ 1795ರಲ್ಲಿ ಮನುಷ್ಯರನ್ನು ಐದು ಬಗೆ ಮಾಡಿದ. ‘ಕಾಕೇಸಿಯನ್’ ಎಂಬ ಹೆಸರಿಗೆ ಕಾರಣ ಅವನ ಸಂಗ್ರಹದಲ್ಲಿದ್ದ, ಕಾಕಸಸ್ ಬೆಟ್ಟದ ಸೀಮೆಯ ಜಾರ್ಜಿಯಾದ ಹೆಂಗಸಿನ ಒಂದು ಬುರುಡೆ, ಅವನ ಕಣ್ಣಿಗೆ ಅದು ಅತಿ ಸುಂದರ. ಆ ಹೆಸರು ಇವತ್ತಿಗೂ ನಮ್ಮ ಪುಸ್ತಕಗಳಲ್ಲಿ ಕೂತಿದೆ, ಅದರಡಿ ನಮ್ಮನ್ನೂ ಕೂರಿಸುತ್ತಾರೆ.

ಪೂರ್ತಿ ಬುರುಡೆಯೂ ದಾರಿ ತಪ್ಪಿಸಿದ್ದುಂಟು. 1996ರಲ್ಲಿ ಅಮೆರಿಕದ ಕೊಲಂಬಿಯಾ ನದಿದಡದಲ್ಲಿ ಸಿಕ್ಕ ಕೆನೆವಿಕ್ ಮನುಷ್ಯನನ್ನು ಮೊದಲು ಕಂಡವರು ಯಾರೋ ಯುರೋಪಿನ ವಲಸೆಗಾರ ಎಂದುಕೊಂಡರು. ಸುಮಾರು ಎಂಟೂವರೆ ಸಾವಿರ ವರ್ಷ ಹಳೆಯದು ಎಂದು ತಿಳಿದ ಮೇಲೆ ಅಳತೆ ಮಾಡಿ ಜಪಾನಿನ ಐನು, ಪಾಲಿನೇಷ್ಯದವರಿಗೆ ಹತ್ತಿರ ಎಂದರು. 2015ರಲ್ಲಿ ಡಿಎನ್‌ಎ ತೆಗೆದಾಗ ಅವನು ಹತ್ತಿರವಾದದ್ದು ಅಮೆರಿಕದ ಮೂಲನಿವಾಸಿಗಳಿಗೇ. ನಮ್ಮ ಹಿಮಾಲಯದ ರೂಪ್‌ಕುಂಡ್ ಸರೋವರದ ಅಸ್ಥಿಗಳು ಒಂದೇ ದುರಂತದಲ್ಲಿ ಸತ್ತ ಜನರದ್ದು ಎಂಬ ಮಾತು ದಶಕಗಳ ಕಾಲ ನಡೆಯಿತು. 2019ರಲ್ಲಿ 38 ಜನರ ಡಿಎನ್‌ಎ ಓದಿದರೆ 23 ಮಂದಿ ದಕ್ಷಿಣ ಏಷ್ಯಾದವರು, 14 ಮಂದಿ ಪೂರ್ವ ಮೆಡಿಟರೇನಿಯನ್ ಕಡೆಯವರು, ಒಬ್ಬ ಆಗ್ನೇಯ ಏಷ್ಯಾದವನು. ಎರಡು ದೊಡ್ಡ ಗುಂಪುಗಳ ಸಾವಿನ ನಡುವೆ ಸುಮಾರು ಸಾವಿರ ವರ್ಷದ ಅಂತರ.

ಹಾಗಾದರೆ ಬಿಹಾರದವನೋ ಜಗಳೂರಿನವನೋ ಎಂದು ಬುರುಡೆಯ ಆಕಾರದಿಂದ? ಇಲ್ಲ. ಭಾರತದ ಹೆಚ್ಚಿನ ಸಮುದಾಯಗಳೆಲ್ಲ ಹಳೆಯ ಬೆರಕೆಯ ಬೇರೆ ಬೇರೆ ಹದ, ನಡುವೆ ಬೇಲಿ ಇಲ್ಲ. ಮನುಷ್ಯರ ತಲೆಬುರುಡೆಯ ವೈವಿಧ್ಯದಲ್ಲಿ ಬಹುಪಾಲು ಇರುವುದು ಒಂದೇ ಸಮುದಾಯದ ಒಳಗೆ. ನಿಮ್ಮ ಊರ ಜಾತ್ರೆಯಲ್ಲಿ ಒಂದು ಗಂಟೆ ನಿಂತು ಮುಖಗಳನ್ನು ನೋಡಿದರೂ ಇದು ಕಾಣುತ್ತದೆ. ಅದೂ ಅಲ್ಲದೆ ‘ನಮ್ಮ ಕಡೆ’ ಎಂದರೆ ಎಷ್ಟು ದೂರ? ಜಗಳೂರು 1997ರ ಆಗಸ್ಟ್ 15ಕ್ಕೆ ಮೊದಲು ಚಿತ್ರದುರ್ಗ ಜಿಲ್ಲೆ. ನಿಮ್ಮ ಹೊಂಡದವನು ಅದಕ್ಕೆ ಮೊದಲೇ ಸತ್ತಿದ್ದರೆ ದಾವಣಗೆರೆ ಜಿಲ್ಲೆಗೆ ಅವನೇ ಹೊರಗಿನವನು.

ಎಷ್ಟು ಹಳೆಯದು ಎಂಬುದು ಹಗುರದ ಪ್ರಶ್ನೆಯಲ್ಲ. ನಮ್ಮ ಭಾಗದಲ್ಲಿ ಹೂಳುವ ಸಮುದಾಯಗಳು ಹೆಚ್ಚು. ಲಿಂಗಾಯತರಲ್ಲಿ ಕೂರಿಸಿ ಹೂಳುತ್ತಾರೆ, ಕುಣಿಯಲ್ಲಿ ವಿಭೂತಿ, ಇಷ್ಟಲಿಂಗ ಸಿಗಬಹುದು. ಹಳೆಯ ಸ್ಮಶಾನ ಹೊಲವಾಗಿರುವುದುಂಟು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಅಗೆದಾಗ ಕಲ್ಲುಚಪ್ಪಡಿಯ ಬೃಹತ್‌ಶಿಲಾ ಸಮಾಧಿಗಳಲ್ಲಿ ಸಿಕ್ಕಿದ್ದು ಇಡೀ ಅಸ್ಥಿಪಂಜರಗಳಲ್ಲ, ಆಯ್ದು ತಂದು ಇಟ್ಟಂಥ ಬಿಡಿ ಮೂಳೆಗಳು. ಅಂದರೆ ಅರ್ಧ ಬುರುಡೆ ಎಂದ ಕೂಡಲೇ ಕೊಲೆಯೂ ಅಲ್ಲ, ಕಾರ್ಮಿಕನೂ ಅಲ್ಲ. ಸುತ್ತ ಏನು ಸಿಕ್ಕಿತು, ಅಂಥ ಹಳೆಯ ಸಮಾಧಿಗಳ ಕಪ್ಪು-ಕೆಂಪು ಮಡಕೆ ಚೂರೋ, ಈ ಕಾಲದ ಅಂಗಿಯ ಪ್ಲಾಸ್ಟಿಕ್ ಗುಂಡಿಯೋ, ಎಂಬುದು ಬುರುಡೆಯ ಅಗಲಕ್ಕಿಂತ ಹೆಚ್ಚು ಹೇಳುತ್ತದೆ. ಜೆಸಿಬಿ ಚಾಲಕನನ್ನು ಪೊಲೀಸರು ಇನ್ನೊಮ್ಮೆ ಕೂರಿಸಿ ಕೇಳಲಿ: ಎಷ್ಟು ಆಳದಲ್ಲಿ ಬಂತು, ಮೇಲೆ ಕಲ್ಲು ಇತ್ತೇ ಎಂದು.

ನಿಮ್ಮ ಅರ್ಧ ಬುರುಡೆಯಿಂದ ಗಂಡೋ ಹೆಣ್ಣೋ ಎಂದು ಹೇಳುವ ಅವಕಾಶ ಚೆನ್ನಾಗಿದೆ. ಹುಬ್ಬಿನ ದಿಂಡು, ಕಿವಿ ಹಿಂದಿನ ಗುಬುಟು, ಹಿಂದಲೆಯ ಏಣು ಉಳಿದಿದ್ದರೆ ಹತ್ತಕ್ಕೆ ಎಂಟು ಸಲವಾದರೂ ಸರಿ ಬರುತ್ತದೆ. ವಂಶದ ಪ್ರಶ್ನೆಗೂ ಅದರಲ್ಲೇ ಒಂದು ದಾರಿ ಇದೆ, ಆದರೆ ಅಳತೆಯದಲ್ಲ. ಕಿವಿಯ ಒಳಭಾಗವನ್ನು ಕಾಯುವ ಕಲ್ಲಿನಂಥ ಮೂಳೆಯೊಂದಿದೆ, ದೇಹದಲ್ಲೇ ಅತಿ ಗಟ್ಟಿ. ಮುಖ ಪುಡಿಯಾದರೂ ಅದು ಉಳಿಯುತ್ತದೆ, ಡಿಎನ್‌ಎ ಚೆನ್ನಾಗಿ ಉಳಿಯುವುದೂ ಅದರಲ್ಲೇ. ನಮ್ಮ ಬಿಸಿಲು ಡಿಎನ್‌ಎಗೆ ಶತ್ರು. ಹರಿಯಾಣದಲ್ಲಿರುವ ಸಿಂಧೂ ನಾಗರಿಕತೆಯ ನೆಲೆ ರಾಖಿಗಢಿಯಲ್ಲಿ ಅರವತ್ತಕ್ಕೂ ಹೆಚ್ಚು ಮಾದರಿ ಪರೀಕ್ಷಿಸಿ ಒಂದರಲ್ಲಿ ಮಾತ್ರ ಓದಲು ಬಂತು. ಅದು ನಾಲ್ಕು ಸಾವಿರ ವರ್ಷಕ್ಕೂ ಹಳೆಯದು. ಹತ್ತಿಪ್ಪತ್ತು ವರ್ಷದ ಮೂಳೆಯಾದರೆ ಅವಕಾಶ ಎಷ್ಟೋ ಮೇಲು, ಕಾಣೆಯಾದವನ ತಾಯಿಯದ್ದೋ ಮಕ್ಕಳದ್ದೋ ರಕ್ತದ ಜೊತೆ ನೇರ ಹೋಲಿಸಬಹುದು. ಆಗ ‘ಯಾವ ಜನ’ ಎಂಬ ಪ್ರಶ್ನೆಯೇ ಬೇಕಾಗುವುದಿಲ್ಲ, ‘ಯಾರು’ ಎಂದೇ ತಿಳಿಯುತ್ತದೆ.

ಇನ್ನು ಪತ್ರದ ಕೊನೆಯಲ್ಲಿ, ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದಂತೆ ಬರೆದಿದ್ದೀರಲ್ಲ, ಕೊಟ್ಟಿಗೆಯ ಗೂಡಿನಲ್ಲಿರುವ ಚೂರು. ಆ ಎರಡು ಹಲ್ಲು ಇಡೀ ಬುರುಡೆಗಿಂತ ಹೆಚ್ಚು ಬೆಲೆಯವು. ಹಲ್ಲಿನ ಹೊರಪದರ ಚಿಕ್ಕಂದಿನಲ್ಲಿ ಒಮ್ಮೆ ಕಟ್ಟಿದರೆ ಮತ್ತೆ ಬದಲಾಗುವುದಿಲ್ಲ. ಮೊದಲ ದವಡೆಹಲ್ಲಿನದು ಹುಟ್ಟಿದಂದಿನಿಂದ ಮೂರು ವರ್ಷದೊಳಗೆ ಮುಗಿಯುತ್ತದೆ. ಆ ಮೂರು ವರ್ಷ ಕುಡಿದ ನೀರಿನ ಗುರುತು ಅದರಲ್ಲಿ ಉಳಿದಿರುತ್ತದೆ. ಜಗಳೂರು, ಚಳ್ಳಕೆರೆ, ಮೊಳಕಾಲ್ಮುರು, ಹಿರಿಯೂರು ಕಡೆಯ ಬೋರ್‌ವೆಲ್ ನೀರಿನ ಫ್ಲೋರೈಡ್ ನಿಮಗೆ ಗೊತ್ತೇ ಇದೆ, ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಬಿಳಿ ಸುಣ್ಣದಂಥ ಪಟ್ಟೆ, ಕಂದು ಮಚ್ಚೆ ಏಳುತ್ತದೆ. ಆ ಹಲ್ಲುಗಳಲ್ಲಿ ಅದು ಇದ್ದರೆ ಬಾಲ್ಯ ಇಂಥ ನೀರಿನ ಸೀಮೆಯಲ್ಲಿ ಕಳೆಯಿತು ಎನ್ನಬಹುದು. ನಲ್ಗೊಂಡದಲ್ಲೂ ರಾಜಸ್ಥಾನದಲ್ಲೂ ಇಂಥ ನೀರಿದೆ, ಆದ್ದರಿಂದ ಅದೊಂದೇ ಸಾಲದು. ನೀರು, ಆಹಾರದಿಂದ ಹಲ್ಲಿಗೆ ಸೇರುವ ಸ್ಟ್ರಾನ್ಷಿಯಂ ಎಂಬ ಧಾತುವಿನ ಎರಡು ಐಸೊಟೋಪುಗಳ (ಬೇರೆ ಬೇರೆ ತೂಕದ ರೂಪಗಳ) ಅನುಪಾತ ಕೆಳಗಿನ ಬಂಡೆಯ ವಯಸ್ಸಿಗೂ ಬಗೆಗೂ ತಕ್ಕಂತೆ ಬೇರೆಯಾಗುತ್ತದೆ. ನಮ್ಮ ಚಿತ್ರದುರ್ಗ ಸಾಲಿನ ಬಂಡೆ 250 ಕೋಟಿ ವರ್ಷಕ್ಕೂ ಹಳೆಯದು, ಗಂಗಾ ಬಯಲಿನ ಮೆಕ್ಕಲು ಮಣ್ಣಿನ ಕಥೆ ಬೇರೆ. ಊರಿನವರು ಕೆನ್ನೆ ನೋಡಿ ತೀರ್ಮಾನಿಸಿದ್ದನ್ನು ಪರೀಕ್ಷಿಸಬಲ್ಲದ್ದು ಆ ಹಲ್ಲು. ಅದು ಹೇಳುವುದು ಎಲ್ಲಿ ಬೆಳೆದ ಎಂದು, ಯಾರ ವಂಶ ಎಂದಲ್ಲ. ಬೇರಿನ ಒಳಗೆ ಡಿಎನ್‌ಎಯೂ ಇರಬಹುದು.

ಆದ್ದರಿಂದ ಇವತ್ತೇ ಠಾಣೆಗೆ ಕೊಡಿ. ತೊಳೆಯಬೇಡಿ, ಉಜ್ಜಬೇಡಿ, ಅರಿಶಿನ ಕುಂಕುಮ ಇಟ್ಟಿದ್ದರೆ ಅಳಿಸಲು ಹೋಗದೆ ಹಾಗೇ ಹೇಳಿ. ಪ್ಲಾಸ್ಟಿಕ್ ಕವರು ಬೇಡ, ಬೆವರಿ ಬೂಷ್ಟು ಹಿಡಿಯುತ್ತದೆ. ಹಳೆಯ ದಿನಪತ್ರಿಕೆಯ ಶಾಯಿಯೂ ಬೇಡ, ಬಿಳಿ ಹಾಳೆಯಲ್ಲಿ ಸುತ್ತಿ ಕಾಗದದ ಲಕೋಟೆಗೆ ಹಾಕಿ, ಯಾವ ದಿನ, ಹೊಂಡದ ಯಾವ ಮೂಲೆಯ ಮಣ್ಣಿನಲ್ಲಿ ಸಿಕ್ಕಿತು ಎಂದು ಮೇಲೆ ಬರೆಯಿರಿ. ಯಾರ್ಯಾರು ಮುಟ್ಟಿದ್ದೀರಿ ಎಂಬುದನ್ನೂ ಬರೆಯಿರಿ, ನಿಮ್ಮ ಡಿಎನ್‌ಎ ಅದರ ಮೇಲೆ ಅಂಟಿರಬಹುದು. ಹೊಂಡದಿಂದ ತೆಗೆದ ಮಣ್ಣನ್ನು ಬದುವಿಗೆ ಹಾಕಿದ್ದರೆ ಸದ್ಯಕ್ಕೆ ಹರಡಬೇಡಿ. ಉಳಿದ ಹಲ್ಲುಗಳು ಅದರಲ್ಲೇ ಇರಬಹುದು, ಜರಡಿ ಹಿಡಿಯಬೇಕು.